ಸೊಂಟದ ಮಣಿ

ಮೇಲಿನ ಮನೆಯ ನೆಲದ ಮೇಲೆ ಏನೋ ಬಿದ್ದು, ಉರುಳುತ್ತ ಉರುಳುತ್ತ ಗೋಡೆಯ ತನಕ ಹೋಗಿ ನಿಂತಿತು. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅನುಸೂಯಮ್ಮ ಕೈ ನಿಲ್ಲಿಸಿ ಸೂರು ನೋಡಿದರು. ಇನ್ನೊಂದು ಬೀಳಬಹುದೆಂದು ಕಾದರು. ಬೀಳಲಿಲ್ಲ. ಬೀಳದೆ ಹೋದದ್ದೇ ಹೆಚ್ಚು ಅನುಮಾನ ತಂದಿತು. ಉಳಿದವನ್ನು ಅವಳು ಅಂಗೈಯಲ್ಲಿ ಅದುಮಿ ಹಿಡಿದಿರಬೇಕು, ಕೆಳಗಿನವರಿಗೆ ಕೇಳದಿರಲಿ ಎಂದು. ಮೇಲೆ ಇರುವವಳು ಮಾಮ್ಲೆ ಒಬ್ಬಳೇ. ಘಾನಾ ದೇಶದವಳು, ಫಾರ್ಮಸಿ ಕೊನೆಯ ವರ್ಷ, ಚಿಕ್ಕಬಾಣಾವರದ ಈ ಮನೆಗೆ ಬಾಡಿಗೆಗೆ ಬಂದು ಎಂಟು ತಿಂಗಳು. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಗೇಟಿನ ಬಳಿ ಬಿದ್ದಿರುವ ಹಾಲಿನ ಪ್ಯಾಕೆಟ್ಟನ್ನು ಎತ್ತಿ ತಂದು ಬಾಗಿಲ ಚಿಲಕಕ್ಕೆ ನೇತುಹಾಕಿ ಹೋಗುತ್ತಾಳೆ. ಬಗ್ಗಿದರೆ ತಮ್ಮ ಮಂಡಿ ನೋಯುತ್ತದೆಂದು ಅನುಸೂಯಮ್ಮ ಅವಳಿಗೆ ಹೇಳಿರಲಿಲ್ಲ. ಹೇಳದೆ ತಿಳಿದುಕೊಂಡಿದ್ದಾಳೆ ಎಂದರೆ ಗಮನಿಸುತ್ತಿದ್ದಾಳೆ ಎಂದಾಯಿತು. ಒಬ್ಬರು ಇನ್ನೊಬ್ಬರನ್ನು ಯಾಕೆ ಗಮನಿಸುತ್ತಾರೆ ಎಂಬುದು ಅನುಸೂಯಮ್ಮನಿಗೆ ಚೆನ್ನಾಗಿ ಗೊತ್ತು. ಇಪ್ಪತ್ತಾರು ವರ್ಷ ಸಂಬಳ ತೆಗೆದುಕೊಂಡು ಅವರೂ ಅದೇ ಕೆಲಸ ಮಾಡಿದ್ದರು. ರಂಗೋಲಿಯನ್ನು ತುಳಿಯದೆ ಅವಳು ಕಾಂಪೌಂಡಿನ ಅಂಚು ಹಿಡಿದು ಸುತ್ತಿಕೊಂಡು ಹೋಗುವುದನ್ನೂ ಅವರು ಕಿಟಕಿಯಿಂದ ನೋಡಿದ್ದರು. ಮೊದಲ ದಿನ ನೋಡಿ ಸಂತೋಷಪಟ್ಟಿದ್ದರು. ಮೂರನೆಯ ದಿನದ ಹೊತ್ತಿಗೆ, ಇಷ್ಟು ಒಳ್ಳೆಯವಳಾಗಿ ಕಾಣಬೇಕಾದ ಅಗತ್ಯ ಇವಳಿಗೇನಿದೆ ಎಂದು ಅನ್ನಿಸತೊಡಗಿತ್ತು.

ಅನ್ನಿಸಲು ಕಾರಣಗಳಿದ್ದವು. ಅವಳು ಖಾಲಿ ಬಾಟಲಿಗಳನ್ನು ಕೂಡಿಹಾಕುತ್ತಿದ್ದಳು. ನೀಲಿ, ಹಸಿರು, ಕಂದು; ಔಷಧದವು, ಬಿಯರಿನವು. ಕುಡಿಯುವ ಹುಡುಗಿಯಾಗಿದ್ದರೆ ಬಾಟಲಿ ಮನೆಯಿಂದ ಹೊರಗೆ ಹೋಗಬೇಕು; ಇವಳ ಚೀಲದಲ್ಲಿ ಅವು ಮನೆಯೊಳಕ್ಕೆ ಬರುತ್ತಿದ್ದವು. ಮಧ್ಯಾಹ್ನದ ಹೊತ್ತಿನಲ್ಲಿ ಮೇಲಿನಿಂದ ಕುಟ್ಟುವ ಸದ್ದು, ಆಮೇಲೆ ಜರಡಿ ಹಿಡಿದಂಥ ಸದ್ದು. ಭಾನುವಾರ ಅವಳ ಕಡೆಯ ನಾಲ್ಕಾರು ಹುಡುಗಿಯರು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಗು ಕೇಳುತ್ತಿತ್ತು, ಹಾಡಿನಂಥ ಏನೋ ಕೇಳುತ್ತಿತ್ತು, ಒಮ್ಮೆಲೇ ಎಲ್ಲ ನಿಲ್ಲುತ್ತಿತ್ತು. ಹೋಗುವಾಗ ಒಬ್ಬೊಬ್ಬಳೂ ಸೊಂಟದ ಮೇಲೆ ಅಂಗಿಯನ್ನು ಒಮ್ಮೆ ಸವರಿಕೊಂಡೇ ಮೆಟ್ಟಿಲಿಳಿಯುತ್ತಿದ್ದಳು. ಎದುರು ಮನೆಯ ಶಶಿಕಲಾ ಇದನ್ನೆಲ್ಲ ಅನುಸೂಯಮ್ಮನಿಗಿಂತ ಮೊದಲೇ ನೋಡಿದ್ದಳು. ಬಟ್ಟೆ ಒಣಹಾಕಲು ಟೆರೇಸಿಗೆ ಹೋದಾಗ ಅವಳಿಗೆ ಈ ಕಡೆಯ ಅಡುಗೆಮನೆಯ ಕಿಟಕಿ ಕಾಣುತ್ತದಂತೆ, ಅಲ್ಲಿ ಸ್ಟೀಲ್ ಡಬ್ಬಿಯಲ್ಲಿ ಬಿಳಿ ಪುಡಿ ಇತ್ತಂತೆ, ಹುಡುಗಿ ಅದನ್ನು ನೀರಿನಲ್ಲಿ ಕದಡುತ್ತಿದ್ದಳಂತೆ. ಓದುತ್ತಿರುವುದೂ ಔಷಧದ ಓದೇ ಅಲ್ವಾ ಮಿಸ್, ಎಂದಿದ್ದಳು ಶಶಿಕಲಾ. ಪೀಣ್ಯದ ಕಾರ್ಖಾನೆಯಲ್ಲಿ ಅನುಸೂಯಮ್ಮನ ಕೈಕೆಳಗೆ ಹನ್ನೊಂದು ವರ್ಷ ದುಡಿದವಳು. ಇಬ್ಬರೂ ಬಿಟ್ಟು ಬಂದು ಎಷ್ಟೋ ಕಾಲವಾದರೂ ಇನ್ನೂ ಮಿಸ್ ಎಂದೇ ಕರೆಯುತ್ತಾಳೆ.

ಬಡಾವಣೆಯ ಸಂಘದ ಕಾರ್ಯದರ್ಶಿ ನರೇಶ್ ಬೆಳಿಗ್ಗೆ ಬಂದಿದ್ದ. ಒಳ್ಳೆಯ ಹುಡುಗ, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬರುವವನು. ಮೊಬೈಲಿನಲ್ಲಿ ಕ್ಯಾಮೆರಾದ ಚಿತ್ರ ತೋರಿಸಿದ. ಬೀದಿಯ ತುದಿಯಿಂದ ಮಾಮ್ಲೆ ನಡೆದು ಬರುತ್ತಿದ್ದಳು, ಒಂದು ಕೈ ಹೊಟ್ಟೆಯ ಪಕ್ಕ ಒತ್ತಿ ಹಿಡಿದಿತ್ತು, ಅಂಗಿಯ ಕೆಳಗೆ ಸೊಂಟದ ಸುತ್ತ ಒಂದು ಉಬ್ಬು. ಪೊಲೀಸರಿಗೆ ಕೊಡಲು ಅರ್ಜಿ ಸಿದ್ಧವಾಗಿತ್ತು. ಮನೆಯ ಮಾಲೀಕರ ಸಹಿ ಇಲ್ಲದೆ ಅದನ್ನು ಕೊಡಲು ಅವನಿಗೆ ಮನಸ್ಸಿರಲಿಲ್ಲ. ಆ ಹುಡುಗಿಗೆ ಪರೀಕ್ಷೆಗೆ ಇನ್ನು ಮೂರು ವಾರ ಎಂಬುದೂ ಅವನಿಗೆ ಗೊತ್ತಿತ್ತು. ಪೊಲೀಸರು ಒಮ್ಮೆ ಬಾಗಿಲಿಗೆ ಬಂದರೆ ಕಾಲೇಜಿಗೆ ತಿಳಿಯುತ್ತದೆ, ಕಾಲೇಜಿಗೆ ತಿಳಿದರೆ ವೀಸಾದವರಿಗೆ ತಿಳಿಯುತ್ತದೆ, ಆಮೇಲೆ ಪುಡಿ ಏನಾಗಿತ್ತು ಎಂದು ಯಾರೂ ಕೇಳುವುದಿಲ್ಲ, ಹುಡುಗಿ ವಿಮಾನ ಹತ್ತಿರುತ್ತಾಳೆ. ಆದ್ದರಿಂದ ಅವನೊಂದು ಉಪಾಯ ಹುಡುಕಿದ್ದ. "ಮೊದಲು ನಾವೇ ಒಂದು ಲೇಡೀಸ್ ಚೆಕ್ ಮಾಡ್ಬಿಡೋಣ ಮೇಡಂ. ಏನೂ ಇಲ್ಲ ಅಂದ್ರೆ ಅರ್ಜಿ ಹರಿದು ಹಾಕ್ತೀನಿ, ಪ್ರಾಮಿಸ್. ಶಶಿಕಲಾ ಆಂಟಿ ಹೇಳಿದ್ರು, ನೀವು ಫ್ಯಾಕ್ಟ್ರೀಲಿ ಇದನ್ನೇ ಮಾಡ್ತಿದ್ರಂತೆ. ನಿಮ್ಮ ಕೈ ಅಂದ್ರೆ ಕೈ ಅಂತೆ. ನೀವು ಏನು ಹೇಳಿದ್ರೂ ಸಂಘ ಒಪ್ಕೊಳ್ಳುತ್ತೆ." ಸಂಜೆ ಐದಕ್ಕೆ ಶಶಿಕಲಾಳ ಜೊತೆ ಬರುವುದಾಗಿ ಹೇಳಿ, ತಾನು ಕುಡಿದ ಲೋಟವನ್ನು ತಾನೇ ಸಿಂಕಿನಲ್ಲಿಟ್ಟು ಹೋದ. ಅವನ ಉಪಾಯದಲ್ಲಿ ಹುಡುಗಿಯ ಮೇಲಿನ ಕನಿಕರವಿತ್ತು. ಕನಿಕರವಿದ್ದುದರಿಂದಲೇ ಅನುಸೂಯಮ್ಮನಿಗೆ ಇಲ್ಲವೆನ್ನಲು ಆಗಿರಲಿಲ್ಲ.

ಅವರು ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಹುರುಳಿಕಾಯಿಯ ಹಸಿರು. ನಿಮ್ಮ ಕೈ ಅಂದರೆ ಕೈ. ಆಗಿನ ವಿದ್ಯುತ್ ಮೀಟರಿನೊಳಗೆ ಅಲ್ಯೂಮಿನಿಯಮ್ಮಿನ ಒಂದು ತಟ್ಟೆ ತಿರುಗುತ್ತಿತ್ತು. ಆ ತಟ್ಟೆಯ ಕಡ್ಡಿ ಕೂರಲು ಒಂದು ಹರಳಿನ ಬಟ್ಟಲು, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಹೊರದೇಶದಿಂದ ಚಿಕ್ಕ ಗಾಜಿನ ಸೀಸೆಗಳಲ್ಲಿ, ಸೀಸೆಗೆ ನೂರರಂತೆ, ಬಿರಡೆ ಹಾಕಿ ಮೇಣ ಮೆತ್ತಿ ಬರುತ್ತಿದ್ದವು. ಬಿ.ಎಸ್ಸಿ. ಓದಿದ ಹೆಂಗಸು ಎಂದು ಅನುಸೂಯಮ್ಮನನ್ನು ಹರಳಿನ ಮೇಜಿಗೆ ಹಾಕಿದ್ದರು. ಬೆಳಿಗ್ಗೆ ಎಣಿಸಿ ಕೊಡುವುದು, ಸಂಜೆ ಉಳಿದದ್ದನ್ನು ಎಣಿಸಿ ತೆಗೆದುಕೊಳ್ಳುವುದು. ಹೆಂಗಸರನ್ನು ತಪಾಸಣೆ ಮಾಡಲು ಗೇಟಿನಲ್ಲಿ ಹೆಂಗಸರಿರಲಿಲ್ಲವಾದ್ದರಿಂದ ಅದೂ ಅವರ ಪಾಲಿಗೇ ಬಂತು. ಸೆಕ್ಯೂರಿಟಿ ಕೋಣೆಯ ಮೂಲೆಯಲ್ಲಿ ಹಸಿರು ಪರದೆ. ಒಬ್ಬೊಬ್ಬಳೇ ಒಳಗೆ ಬಂದು ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ಅನುಸೂಯಮ್ಮ ಬೆರಳು ಮಡಚಿ, ಬೆರಳಿನ ಹಿಂಬದಿಯಿಂದ ಸೊಂಟದ ಸುತ್ತ ಒತ್ತಿ ನೋಡುತ್ತಿದ್ದರು. ಅಂಗೈ ತಾಗಿಸಬಾರದು ಎಂಬುದು ಅವರೇ ಮಾಡಿಕೊಂಡ ನಿಯಮ. ಅದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು. ಬೆವರಿದ ಸೊಂಟ, ಬಸುರಿಯ ಸೊಂಟ, ಹೆರಿಗೆಯಾದ ಮೇಲಿನ ಸಡಿಲ ಸೊಂಟ. ಮದುವೆಯಾಗದೆ ಉಳಿದ ಅವರು ಎಷ್ಟು ಹೆಂಗಸರ ಮೈಯನ್ನು ಹೀಗೆ ತಿಳಿದಿದ್ದರು! ಅವರ ಮೈಯನ್ನು ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ಎಣಿಸುವವರನ್ನು ಎಣಿಸುವ ಪದ್ಧತಿ ಆ ಕಾರ್ಖಾನೆಯಲ್ಲಿರಲಿಲ್ಲ.

ಆ ಹೆಂಗಸರಲ್ಲೊಬ್ಬಳಾದ ಮಹಾದೇವಿ ಗದಗದ ಕಡೆಯವಳು. ದಾಸರಹಳ್ಳಿಯಲ್ಲಿ ಒಂದು ರೂಮಿನಲ್ಲಿ ಐದು ಜನ ಇದ್ದರು. ಮಧ್ಯಾಹ್ನ ಎಲ್ಲರಿಗೂ ಶೇಂಗಾ ಚಟ್ನಿ ತರುತ್ತಿದ್ದಳು. ಮಿಸ್ಸಿಗೆ ಖಾರ ಆಗುವುದಿಲ್ಲವೆಂದು ಖಾರ ಕಡಿಮೆ ಹಾಕಿದ್ದನ್ನು ಬೇರೆ ಕಾಗದದಲ್ಲಿ ಕಟ್ಟಿರುತ್ತಿದ್ದಳು. ಒಂದು ಸಂಜೆ ಹದಿನೇಳು ಹರಳು ಕಡಿಮೆ ಬಂದವು. ಎರಡು ಸಲ ಎಣಿಸಿದರು, ಹದಿನೇಳೇ. ಪರದೆಯ ಹಿಂದೆ ಮಹಾದೇವಿಯ ಸೀರೆಯ ನೆರಿಗೆಯ ಕೆಳಗೆ ಬೆರಳಿಗೆ ಸಣ್ಣಸಣ್ಣ ಗಂಟುಗಳು ತಾಗಿದವು, ಸುತ್ತಲೂ, ಒಂದರ ಪಕ್ಕ ಒಂದು. ಇದೇನು ಎಂದರು. ಉಡದಾರ ಎಂದಳು. ಉಡಿದಾರವೆಂದರೇನು ಎಂದು ಅನುಸೂಯಮ್ಮನಿಗೆ ಗೊತ್ತಿರಲಿಲ್ಲವೆ? ಅವರ ತಾಯಿಯೂ ಯುಗಾದಿಗೊಮ್ಮೆ ಹೊಸ ಉಡಿದಾರ ಕಟ್ಟುತ್ತಿದ್ದರು, ಕಪ್ಪು ದಾರಕ್ಕೆ ಐದು ಕರಿಮಣಿ. ಹಳೆಯದು ಬಿಗಿಯಾಗಿದ್ದರೆ ಮಗು ಬೆಳೆದಿದೆ ಎಂದು ಹಿಗ್ಗುತ್ತಿದ್ದರು. ಕಾಲೇಜಿಗೆ ಸೇರಿದ ವರ್ಷ ಹಳ್ಳಿಯವಳೆಂದು ತಿಳಿದೀತೆಂದು ನಾಚಿ ಅದನ್ನು ಕತ್ತರಿಸಿ ಹಿತ್ತಲಿಗೆ ಎಸೆದವರು ಅನುಸೂಯಮ್ಮನೇ. ಆದರೆ ಆ ಸಂಜೆ, ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುವಾಗ, ಹದಿನೇಳು ಎಂಬ ಅಂಕಿ ತಲೆಯಲ್ಲಿ ಕೂತಿರುವಾಗ, ಇಷ್ಟು ಮಣಿ ಯಾಕೆ, ಇವಿಷ್ಟೂ ಮಣಿಯೇ ಎಂದು ಏನು ಗ್ಯಾರಂಟಿ ಎಂದಷ್ಟೇ ಹೊಳೆಯಿತು. "ಅದನ್ನ ಜಗ್ಗಬ್ಯಾಡ್ರಿ ಮಿಸ್, ನಮ್ಮವ್ವ ಕಟ್ಟಿದ್ದು," ಎಂದಳು ಮಹಾದೇವಿ. ಕೈ ಮಾತ್ರ ಇಳಿಸಲಿಲ್ಲ. ಇಳಿಸಬಾರದೆಂದು ಅವಳಿಗೆ ಅಭ್ಯಾಸವಾಗಿತ್ತು. ಅನುಸೂಯಮ್ಮ ಎಳೆದರು.

ಮಧ್ಯಾಹ್ನ ಎರಡಕ್ಕೆ ಗೇಟು ಕಿರ್ರೆಂದಿತು. ಅಷ್ಟರಲ್ಲಿ ಎಲ್ಲಿಗೋ ಹೋಗಿದ್ದ ಮಾಮ್ಲೆ ಹಿಂತಿರುಗಿದ್ದಳು. ಅನುಸೂಯಮ್ಮ ಕಿಟಕಿಯ ಪರದೆಯ ಅಂಚು ಹಿಡಿದು ನಿಂತರು. ಹುಡುಗಿಯ ಮುಖ ಬಿಸಿಲಿಗೆ ಕೆಂಡದ ಮುಂದೆ ಕೂತವಳಂತೆ ಬೆವರಿತ್ತು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಭಾರದ ಗಂಟು. ಮೆಟ್ಟಿಲ ಹತ್ತಿರ ನಿಂತವಳು ಮೇಲೆ ಹತ್ತದೆ ಇವರ ಬಾಗಿಲಿಗೆ ಬಂದಳು. ಟ್ಯಾಂಕು ತುಂಬಿ ನೀರು ಹೊರಗೆ ಹೋಗುತ್ತಿದೆ, ಮೋಟಾರ್ ಆರಿಸಲೇ ಎಂದು ಕೇಳಿದಳು. ತರಕಾರಿಯವರಿಂದ ಕಲಿತ ಕನ್ನಡ: "ಅಮ್ಮ, ನೀರು ಫುಲ್ಲು." ಆರಿಸು ಎಂದರು. ಮೋಟಾರ್ ಹಾಕಿದ್ದೇ ಮರೆತಿದ್ದರು. ಅವಳು ಬಗ್ಗಿ ಸ್ವಿಚ್ಚು ಒತ್ತುವಾಗ ಇವರ ಕಣ್ಣು ಅವಳ ಸೊಂಟಕ್ಕೆ ಹೋಯಿತು. ಅಂಗಿಯ ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಇನ್ನೊಂದು ಗೆರೆ. ಅವಳು ಥಟ್ಟನೆ ತಿರುಗಿದಳು, ಕಣ್ಣು ಸಿಕ್ಕಿಬಿದ್ದಿತು. ಇಬ್ಬರೂ ನಕ್ಕರು. ಅವಳ ನಗು ಮೊದಲು ಮುಗಿಯಿತು. ಆ ಗಂಟಿನಲ್ಲಿ ಏನು ಎಂದು ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೇಳದೆ ನೋಡಿ ತಿಳಿದುಕೊಳ್ಳುವುದು ಅನುಸೂಯಮ್ಮನಿಗೆ ಒಂದು ಸಭ್ಯತೆಯಾಗಿ ಅಂಟಿಕೊಂಡಿತ್ತು.

ಊಟ ರುಚಿಸಲಿಲ್ಲ. ತಟ್ಟೆಯಲ್ಲಿ ಪಲ್ಯದ ತೆಂಗಿನತುರಿ ಬೆಳ್ಳಗೆ ಚೆಲ್ಲಿತ್ತು. ಆ ಸಂಜೆ ಸೆಕ್ಯೂರಿಟಿ ಕೋಣೆಯ ಸಿಮೆಂಟು ನೆಲದ ಮೇಲೆ ಮಣಿಗಳು ಚೆಲ್ಲಿದ್ದವು. ಕರಿಮಣಿ, ಮಧ್ಯೆ ಮಧ್ಯೆ ಕೆಂಪು ಗಾಜಿನವು. ಸಾಲಿನಲ್ಲಿದ್ದ ಹೆಂಗಸರು ಪರದೆ ಸರಿಸಿ ಒಳಗೆ ಬಂದು, ಯಾರೂ ಹೇಳದೆಯೇ ಮಂಡಿಯೂರಿ ಆರಿಸತೊಡಗಿದರು. ಶಶಿಕಲಾ ಕೂಡ ಆರಿಸಿದ್ದಳು. ಮಹಾದೇವಿ ಸೆರಗಿನಲ್ಲಿ ಕೂಡಿಹಾಕಿ ಎಣಿಸಿದಳು. "ಒಂದು ಕಮ್ಮಿ ಐತ್ರಿ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಮೇಜಿನ ಅಡಿ, ಬಾಗಿಲ ಸಂದಿ, ಎಲ್ಲ ಕಡೆ ಕೈಯಾಡಿಸಿದಳು. ಬಸ್ಸು ಮತ್ತೆ ಹಾರನ್ ಹೊಡೆಯಿತು. ಒಂದು ಮಣಿಗೆ ಎಷ್ಟು ಹೊತ್ತು, ಬಿಡು, ಎಂದವರು ಅನುಸೂಯಮ್ಮ. ಹರಳು ಸಿಕ್ಕಿರಲಿಲ್ಲ. ಆದರೂ ಮಾರನೆಯ ದಿನ ಮ್ಯಾನೇಜರು ಕೇಳಿದಾಗ, ಅವಳ ಸೊಂಟದಲ್ಲಿ ಮಣಿಸರ ಇತ್ತು, ಹರಿದು ಚೆಲ್ಲಿತು, ಆ ಗಲಾಟೆಯಲ್ಲಿ ಏನು ಬೇಕಾದರೂ ಆಗಿರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಅಷ್ಟು ಸಾಕಾಯಿತು. ಮಣಿಗಳ ನಡುವೆ ಹರಳು ಪೋಣಿಸಿಕೊಂಡು ಸಾಗಿಸುತ್ತಿದ್ದಳು ಎಂಬ ಮಾತು ಸಂಜೆಯೊಳಗೆ ಪಕ್ಕದ ಕಾರ್ಖಾನೆಗಳ ಗೇಟಿಗೂ ತಲುಪಿತು. ಮಹಾದೇವಿಯನ್ನು ಪೀಣ್ಯದಲ್ಲಿ ಮತ್ತೆ ಯಾರೂ ಒಳಗೆ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಖಾಲಿ ಸೀಸೆಗಳನ್ನು ವಾಪಸು ಕಟ್ಟುವಾಗ, ಒಂದು ಬಿರಡೆಯ ತಳ ಬೆಳಕಿಗೆ ಮಿನುಗಿತು. ಮಳೆಗಾಲದಲ್ಲಿ ಮೇಣ ಜಿಗುಟಾಗುತ್ತದೆ, ಬಿರಡೆಯನ್ನು ಮೇಲ್ಮುಖವಾಗಿ ಇಟ್ಟು ಮೊದಲು ಅದರ ತಳ ನೋಡಬೇಕು ಎಂಬುದು ಆ ಮೇಜಿನ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವರು ಅನುಸೂಯಮ್ಮನೇ. ಮೇಣದಲ್ಲಿ ಹೂತುಕೊಂಡು ಹದಿನೇಳೂ ಕೂತಿದ್ದವು. ಅವರು ಚಿಮಟದಿಂದ ಒಂದೊಂದಾಗಿ ಕಿತ್ತು, ಸ್ಪಿರಿಟ್ಟಿನಲ್ಲಿ ತೊಳೆದು, ಮುಂದಿನ ಸೀಸೆಗೆ ಹಾಕಿದರು. ಆ ತಿಂಗಳ ಕೊನೆಯಲ್ಲಿ ಲೆಕ್ಕ ಸರಿಬಂತು. ಹೇಳಬೇಕೆಂದುಕೊಂಡರು. ಮೊದಲು ಮ್ಯಾನೇಜರು ರಜೆಯ ಮೇಲಿದ್ದರು. ಆಮೇಲೆ ಹೊಸಬಳೊಬ್ಬಳು ಮಹಾದೇವಿಯ ಸ್ಟೂಲಿಗೆ ಬಂದಿದ್ದಳು. ಆಮೇಲೆ ಅಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಹರಳಿಗಿಂತ ದೊಡ್ಡದಾಗಿತ್ತು. ದಾಸರಹಳ್ಳಿಗೆ ಒಂದು ಭಾನುವಾರ ಹೋಗಿಯೂ ಇದ್ದರು. ಬೀದಿಯ ತುದಿಯವರೆಗೆ ಹೋಗಿ, ಹಣ್ಣಿನಂಗಡಿಯಲ್ಲಿ ಬಾಳೆಹಣ್ಣು ಕೊಂಡು, ಹಿಂತಿರುಗಿದ್ದರು. ಕಾರ್ಖಾನೆಯವರು ಮಾತ್ರ ಆಮೇಲೆ ಅವರ ಕೈಯನ್ನು ಮೊದಲಿಗಿಂತ ಹೆಚ್ಚು ನಂಬಿದರು.

ಐದಕ್ಕೆ ಸರಿಯಾಗಿ ಅವರಿಬ್ಬರೂ ಬಂದರು. ಶಶಿಕಲಾ ಒಂದು ಡಬ್ಬಿಯಲ್ಲಿ ನಿಪ್ಪಟ್ಟು ತಂದಿದ್ದಳು. ನರೇಶ್ ಅರ್ಜಿಯನ್ನು ಟೀಪಾಯಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಪೆನ್ನಿಟ್ಟ. ಮೇಲೆ ಯಾರೂ ಜೊತೆಗೆ ಬರುವುದು ಬೇಡ ಎಂದರು ಅನುಸೂಯಮ್ಮ. ಶಶಿಕಲಾ ಸರಿ ಎಂದಳು, ಮಿಸ್ ಯಾವಾಗಲೂ ಪರದೆಯೊಳಗೆ ಒಬ್ಬರೇ ಎಂದು ನರೇಶನಿಗೆ ವಿವರಿಸಿದಳು. ಮೆಟ್ಟಿಲು ಹದಿನಾರು. ಹನ್ನೊಂದನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡರು. ಏನಾದರೂ ಇದ್ದರೆ ಒಳ್ಳೆಯದು ಎಂಬ ಯೋಚನೆ ಅಲ್ಲಿ ಬಂದಿತು. ಇದ್ದರೆ ಎಲ್ಲವೂ ಸರಿಹೋಗುತ್ತದೆ. ಅನುಮಾನಪಟ್ಟದ್ದು ಸರಿ, ಕೈ ಸರಿ. ಆ ಆಸೆಯ ರುಚಿ ಬಾಯಲ್ಲಿ ತುಕ್ಕಿನಂತೆ ಹತ್ತಿತು.

ಮಾಮ್ಲೆ ಬಾಗಿಲು ತೆರೆದಳು. ಅವರ ಮುಖ ನೋಡಿದಳು, ಅವರ ಹಿಂದೆ ಖಾಲಿ ಮೆಟ್ಟಿಲು ನೋಡಿದಳು. ಅನುಸೂಯಮ್ಮ ಮೊದಲೇ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯ ಹೇಳಿದರು: ಕೆಳಗಿನವರು ನಿನ್ನನ್ನು ಪರೀಕ್ಷಿಸಲು ಹೇಳಿದ್ದಾರೆ, ಪೊಲೀಸರು ಬೇಡವೆಂದು. ಅವಳು ಬಾಗಿಲು ಹಾಕಿ, ಕೋಣೆಯ ಮಧ್ಯಕ್ಕೆ ಹೋಗಿ, ಎರಡೂ ಕೈ ಮೇಲೆತ್ತಿ ನಿಂತಳು. ಕೈ ಎಷ್ಟು ಎತ್ತರಕ್ಕೆ ಎತ್ತಬೇಕು, ಕಾಲು ಎಷ್ಟು ಅಗಲಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಮಾಲಿನಲ್ಲಿ, ಮೆಟ್ರೋದಲ್ಲಿ, ವಿಮಾನ ನಿಲ್ದಾಣದಲ್ಲಿ ಎಷ್ಟು ಸಲ ನಿಂತಿದ್ದಳೋ. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. "ಬೇಗ, ಅಮ್ಮ," ಎಂದಳು.

ಅನುಸೂಯಮ್ಮನ ಬೆರಳು ತಾವಾಗಿಯೇ ಮಡಚಿಕೊಂಡವು. ಬೆರಳಿನ ಹಿಂಬದಿಗೆ ಹತ್ತಿಬಟ್ಟೆ, ಬಟ್ಟೆಯ ಕೆಳಗೆ ಸಣ್ಣಸಣ್ಣ ಗಂಟುಗಳು, ಸುತ್ತಲೂ, ಒಂದರ ಪಕ್ಕ ಒಂದು. ಮೂವತ್ತೈದು ವರ್ಷದ ಆಚೆಯಿಂದ ಅವೇ ಬಂದು ತಾಗಿದಂತಾಯಿತು. ಮಣಿ ಎಂದು ಬೆರಳಿಗೆ ತಕ್ಷಣ ತಿಳಿಯಿತು. ಆಗಲೂ ತಿಳಿದಿತ್ತು. ಹರಳು ಇಷ್ಟು ದೊಡ್ಡದಿರುವುದಿಲ್ಲ, ಹರಳಿಗೆ ದಾರ ಪೋಣಿಸುವ ತೂತೇ ಇರುವುದಿಲ್ಲ ಎಂಬುದು ಆ ಕಾರ್ಖಾನೆಯಲ್ಲಿ ಅವರಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿರಲಿಲ್ಲ. ತಿಳಿದೂ ಎಳೆದಿದ್ದರು. ಇದುವರೆಗೆ ಈ ಮಾತನ್ನು ಅವರು ತಮಗೂ ಹೇಳಿಕೊಂಡಿರಲಿಲ್ಲ. ಕೈ ಹಿಂದೆಗೆದುಕೊಂಡು, ಇಳಿಸಮ್ಮಾ ಕೈ ಇಳಿಸು, ಎಂದರು. ಅವಳಿಗೆ ಅರ್ಥವಾಗಲಿಲ್ಲವೋ ನಂಬಿಕೆ ಬರಲಿಲ್ಲವೋ, ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ತಾನೇ ಅಂಗಿಯ ಅಂಚನ್ನು ನಾಲ್ಕು ಬೆರಳು ಎತ್ತಿದಳು. ಮೂರು ಸರ. ನೀಲಿ, ಹಸಿರು, ಹಳದಿ ಪಟ್ಟೆಯ ಗಾಜಿನ ಮಣಿಗಳು ಕಪ್ಪು ಮೈಯ ಮೇಲೆ ಒದ್ದೆಯಾದ ಬೀಜಗಳಂತೆ ಕೂತಿದ್ದವು.

ಇದನ್ನು ಯಾರಿಗೂ ತೋರಿಸುವುದಿಲ್ಲ, ಎಂದಳು ತನ್ನ ಇಂಗ್ಲಿಷಿನಲ್ಲಿ, ಧ್ವನಿ ಏರಿಸದೆ. ತಾಯಿಗೆ, ಮದುವೆಯಾದ ಮೇಲೆ ಗಂಡನಿಗೆ, ಅಷ್ಟೆ. ಅವಳು ಘಾನಾದ ಕ್ರೋಬೋ ಜನಾಂಗದವಳು. ಅಲ್ಲಿ ಮಗುವಿಗೆ ಹೆಸರಿಡುವ ದಿನವೇ ಸೊಂಟಕ್ಕೆ ಮಣಿ ಕಟ್ಟುತ್ತಾರೆ. ಸರ ಬಿಗಿಯಾದರೆ ಮಗು ಬೆಳೆಯುತ್ತಿದೆ, ಜಾರಿದರೆ ಮಗುವಿಗೆ ಏನೋ ಆಗಿದೆ. ಹುಡುಗಿ ದೊಡ್ಡವಳಾದಾಗ ಎಲ್ಲರೆದುರು ಮೈತುಂಬ ಮಣಿ ತೊಡಿಸಿ ಕುಣಿಸುತ್ತಾರೆ, ಆಮೇಲೆ ಅವು ಬಟ್ಟೆಯೊಳಕ್ಕೆ ಹೋಗುತ್ತವೆ. ನಡೆಯುವಾಗ ಅವಳಿಗೆ ಮಾತ್ರ ಕೇಳುವಷ್ಟು ಸದ್ದು. ಭಾನುವಾರ ಬರುವ ಹುಡುಗಿಯರದ್ದೂ ಅದೇ: ಹಾಸ್ಟೆಲ್ಲಿನ ಅನ್ನ ತಿಂದು ಒಬ್ಬಳು ದಪ್ಪಗಾಗಿರುತ್ತಾಳೆ, ಒಬ್ಬಳು ಊರು ನೆನೆದು ಸೊರಗಿರುತ್ತಾಳೆ, ಇವಳು ಸರ ಬಿಚ್ಚಿ ಮತ್ತೆ ಪೋಣಿಸಿಕೊಡುತ್ತಾಳೆ. ಬಾಟಲಿ ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಕದಡಿದ ಬಿಳಿ ಜೇಡಿಪುಡಿ ಬಳಿದ ಮಣ್ಣಿನ ಅಚ್ಚಿನಲ್ಲಿ ತುಂಬಿ, ತೂತು ಉಳಿಯಲೆಂದು ಮರಗೆಣಸಿನ ಎಲೆಯ ತೊಟ್ಟು ನಿಲ್ಲಿಸಿ ಸುಡಬೇಕು. ತೊಟ್ಟು ಉರಿದು ಹೋಗಿ ತೂತು ಉಳಿಯುತ್ತದೆ. ಸುಡಲು ಪೀಣ್ಯದ ಒಂದು ಶೆಡ್ಡಿದೆ. ಕಬ್ಬಿಣಕ್ಕೆ ಹದ ಕೊಡುವ ಕುಲುಮೆ. ಅಲ್ಲಿಯ ಭರಮಪ್ಪ ಎನ್ನುವವರು ಊಟದ ಬಿಡುವಿನಲ್ಲಿ ಅವಳ ಅಚ್ಚನ್ನು ಮೂಲೆಯಲ್ಲಿಟ್ಟು ಕಾಯುತ್ತಾರೆ. ಅವರ ಅಜ್ಜಿ ಬಳೆ ಮಾರುತ್ತಿದ್ದಳಂತೆ. ಕಿಟಕಿಯಡಿ ಮಧ್ಯಾಹ್ನದ ಬಟ್ಟೆಯ ಗಂಟು ಬಿಚ್ಚಿತ್ತು, ಅದರಲ್ಲಿ ಬೆಂದ ಅಚ್ಚು ಇನ್ನೂ ಬೆಚ್ಚಗಿತ್ತು. ಇಷ್ಟೆಲ್ಲ ಹೇಳಿ ಅವಳು ನಡುವಿನ ಸರದ ಒಂದು ಮಣಿಯನ್ನು ಬೆರಳಿನಲ್ಲಿ ತಿರುಗಿಸಿದಳು. ಕೆಂಪುಬಿಳಿ ಪಟ್ಟೆ, ಸವೆದದ್ದು. ಇದು ಮಾತ್ರ ಅವಳು ಮಾಡಿದ್ದಲ್ಲ. ಅವಳ ಅಜ್ಜಿಯ ಅಜ್ಜಿಯದು, ಹಡಗಿನಲ್ಲಿ ಬಂದದ್ದು. ಆ ಹಡಗಿನವರು ಇಂಥವನ್ನು ಕೊಟ್ಟು ಮನುಷ್ಯರನ್ನು ಕೊಂಡು ಹೋಗುತ್ತಿದ್ದರು. ಇದನ್ನು ಎಸೆಯಬೇಡ, ಪೆಟ್ಟಿಗೆಯಲ್ಲೂ ಇಡಬೇಡ, ಮೈಮೇಲೆ ಇರಲಿ, ಎಂದಿದ್ದಳಂತೆ ಅಜ್ಜಿ.

ಅನುಸೂಯಮ್ಮನಿಗೆ ಏನಾದರೂ ಹೇಳಬೇಕಿತ್ತು. ಕ್ಷಮಿಸು ಎಂಬುದು ಬಾಯಿಗೆ ಬಂತು. ಅದು ತೀರ ಸುಲಭವೆನಿಸಿ ನುಂಗಿದರು. ನನಗೂ ಒಂದು ಮಾಡಿಕೊಡುತ್ತೀಯಾ ಎಂದರು. ಮಾಮ್ಲೆ ಅವರನ್ನು ಬಹಳ ಹೊತ್ತು ನೋಡಿದಳು. ಆ ನೋಟ ಅವರಿಗೆ ಗೊತ್ತು. ಇದು ಪರೀಕ್ಷೆಯ ಇನ್ನೊಂದು ಬಗೆಯೇ, ಇದರ ಹಿಂದೆ ಏನಿದೆ, ಇಷ್ಟು ಒಳ್ಳೆಯವಳಾಗಿ ಕಾಣಬೇಕಾದ ಅಗತ್ಯ ಈ ಮುದುಕಿಗೇನಿದೆ. ಕೊನೆಗೆ ಮೇಜಿನಿಂದ ದಾರದ ಉಂಡೆ ತಂದಳು. ಅಳತೆ, ಎಂದಳು. ಅನುಸೂಯಮ್ಮ ಎರಡೂ ಕೈ ಮೇಲೆತ್ತಿ ನಿಂತರು. ತೋಳನ್ನು ಇಷ್ಟು ಹೊತ್ತು ಎತ್ತಿ ಹಿಡಿಯುವುದು ಇಷ್ಟು ಕಷ್ಟವೆಂದು ಸಾವಿರಾರು ಸಂಜೆ ಇನ್ನೊಬ್ಬರ ತೋಳು ನೋಡಿದವರಿಗೆ ತಿಳಿದಿರಲಿಲ್ಲ. ಹುಡುಗಿಯ ಕೈ ಸೀರೆಯ ಮೇಲೆ ಸೊಂಟವನ್ನು ಬಳಸಿ ಬಂತು. ಅವಳು ಅಂಗೈಯನ್ನೇ ತಾಗಿಸಿದಳು. ಯುಗಾದಿಯ ಬೆಳಿಗ್ಗೆ, ಎಣ್ಣೆಯ ವಾಸನೆ, ಹೊಟ್ಟೆ ಒಳಗೆಳೆದುಕೊಳ್ಳಬೇಡ ನೆಟ್ಟಗೆ ನಿಲ್ಲೇ ಎನ್ನುವ ಅಮ್ಮ. ಮಾಮ್ಲೆ ದಾರ ಸುತ್ತಿ, ಗಂಟು ಹಾಕಿ, ಒಂದು ಬೆರಳಿನಷ್ಟು ಸಡಿಲ ಬಿಟ್ಟಳು. ಕೆಳಗಿನಿಂದ ನರೇಶ್ ಕರೆದ. "ಮೇಡಂ, ಏನಾದ್ರೂ ಸಿಕ್ತಾ?"

ದಾರ ಬಿಚ್ಚುವುದು ಇಬ್ಬರಿಗೂ ಮರೆತಿತ್ತು. ಮೆಟ್ಟಿಲಿಳಿಯುವಾಗ ಅದು ಸೆರಗಿನ ಕೆಳಗೆ ಜಾರಿ ಜಾರಿ ಕೂರುತ್ತಿತ್ತು. ಏನೂ ಇಲ್ಲ, ಗಾಜಿನ ಮಣಿ, ಅವರ ಕಡೆ ಕಟ್ಟುತ್ತಾರೆ, ನಮ್ಮ ಉಡಿದಾರದ ಹಾಗೆ, ಎಂದರು. ಪುಡಿಯ ವಿಷಯವನ್ನೂ ಕುಲುಮೆಯ ವಿಷಯವನ್ನೂ ಹೇಳಿದರು. ನರೇಶನ ಮುಖ ಹಗುರವಾಯಿತು. ಅವನು ಅರ್ಜಿಯನ್ನು ಕೈಗೆತ್ತಿಕೊಂಡ, ಹರಿಯುವವನೇ ಇದ್ದ. ಶಶಿಕಲಾ ನಿಪ್ಪಟ್ಟಿನ ಚೂರನ್ನು ನುಂಗಿ ನಕ್ಕಳು. "ಉಡಿದಾರ ಅಂತಾನೇ ಕಣ್ರೀ ಮಹಾದೇವೀನೂ ಅಂದಿದ್ದು. ಜ್ಞಾಪಕ ಇದ್ಯಾ ಮಿಸ್? ನೀವು ಬಿಟ್ರಾ?"

ಇಲ್ಲಿಂದ ಹೇಗಾದರೂ ದಾಟಿಹೋಗಬಹುದಿತ್ತು. ಜ್ಞಾಪಕವಿದೆ ಎಂದು ನಕ್ಕರೂ ಅರ್ಜಿ ಹರಿಯುತ್ತಿತ್ತು, ಹುಡುಗಿ ಉಳಿಯುತ್ತಿದ್ದಳು, ಅವರ ಕೈಯೂ ಉಳಿಯುತ್ತಿತ್ತು. ಆದರೆ ಹುಡುಗಿಯನ್ನು ಉಳಿಸುವ ಮಾತು ಆ ಕೈಯ ಮೇಲೆ ನಿಂತಿತ್ತು, ಆ ಕೈ ಮಹಾದೇವಿಯ ಮೇಲೆ ನಿಂತಿತ್ತು. ಅನುಸೂಯಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮಹಾದೇವಿ ತಗೊಂಡಿರಲಿಲ್ಲ ಶಶಿ. ಹರಳು ನನ್ನ ಬಿರಡೆಯಲ್ಲೇ ಅಂಟಿಕೊಂಡಿದ್ವು. ಮೂರನೇ ದಿನ ನನಗೆ ಸಿಕ್ಕವು. ನಾನು ಯಾರಿಗೂ ಹೇಳಲಿಲ್ಲ."

ಶಶಿಕಲಾ ನಿಪ್ಪಟ್ಟಿನ ಡಬ್ಬಿಯನ್ನು ಕೆಳಗಿಡಲು ಜಾಗ ಹುಡುಕಿದಳು. ಅವಳ ಬಾಯಿ ಮಿಸ್ ಎಂಬ ಆಕಾರಕ್ಕೆ ಬಂದು ಹಾಗೆಯೇ ನಿಂತಿತು. ಮಂಡಿಯೂರಿ ಮಣಿ ಆರಿಸಿದ್ದು, ಆಮೇಲೆ ಇಷ್ಟು ವರ್ಷ ಬೀದಿಯ ಹೊಸ ಸೊಸೆಯರಿಗೆಲ್ಲ ಆ ಕತೆ ಹೇಳಿದ್ದು ಅವಳ ಮುಖದಲ್ಲಿ ಒಂದೊಂದಾಗಿ ಹಾದುಹೋಗುತ್ತಿತ್ತು. ನರೇಶನಿಗೆ ಮಹಾದೇವಿ ಯಾರೆಂದು ಗೊತ್ತಿರಲಿಲ್ಲ. ಅವನು ಇಬ್ಬರನ್ನೂ ನೋಡಿ, ಅರ್ಜಿಯನ್ನು ನೋಡಿ, ಮೆಲ್ಲಗೆ ಅದನ್ನು ಮತ್ತೆ ಟೀಪಾಯಿಯ ಮೇಲಿಟ್ಟ. ಬಹಳ ಮರ್ಯಾದೆಯಿಂದ ಕೇಳಿದ. "ತಪ್ಪು ತಿಳ್ಕೋಬೇಡಿ ಮೇಡಂ. ಅವತ್ತು ಹಂಗೆ ಮಾಡಿದ್ರಿ ಅಂದ್ರೆ, ಇವತ್ತು ನೀವು ಹೇಳ್ತಿರೋದನ್ನ ನಾವು ಹೆಂಗೆ ತಗೋಬೇಕು?"

ಪ್ರಶ್ನೆ ನ್ಯಾಯವಾಗಿತ್ತು. ಈ ಸಂಜೆಯ ತನಕ ಅವರ ಎಪ್ಪತ್ತು ವರ್ಷದಲ್ಲಿ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ. ನೋಟ ಮೈಗೆ ತಾಗುತ್ತದೆ ಎಂಬುದು ಸುಳ್ಳಲ್ಲ. ಸೊಂಟದ ದಾರ ಬಿಗಿಯಾದಂತಾಯಿತು. ನನ್ನ ಮಾತು ತಗೋಬೇಡಿ, ಎಂದರು ಅನುಸೂಯಮ್ಮ, ಕುಲುಮೆಯ ಭರಮಪ್ಪನನ್ನು ಕೇಳಿ, ಬೇಕಾದರೆ ಪುಡಿಯನ್ನು ಯಾವ ಲ್ಯಾಬಿಗಾದರೂ ಕೊಡಿ, ಹುಡುಗಿಯೇ ಕೊಡುತ್ತಾಳೆ. ಆದರೆ ಅವಳ ಮೈ ಇನ್ನು ಯಾರೂ ಮುಟ್ಟುವುದಿಲ್ಲ. ಅವಳು ಈ ಮನೆಯಲ್ಲಿ ಕೂತೇ ಪರೀಕ್ಷೆ ಬರೆಯುತ್ತಾಳೆ. ಮಾಲೀಕಳ ಸಹಿ ಬೇಕಲ್ಲವೆ, ಅದು ಬೀಳುವುದಿಲ್ಲ. ಹೇಳಿ, ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿದರು. ಕಾಗದ ಫ್ಯಾನಿನ ಗಾಳಿಗೆ ಒಮ್ಮೆ ಎದ್ದು, ಸರಿದು, ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಆಗ ಮೇಲಿನ ಮನೆಯ ನೆಲದ ಮೇಲೆ ಏನೋ ಬಿದ್ದು ಉರುಳತೊಡಗಿತು. ಮೂವರೂ ತಲೆಯೆತ್ತಿದರು. ಅದು ಅಡುಗೆಮನೆಯ ಕಡೆಯಿಂದ ಹೊರಟು, ನಡುಮನೆಯ ಉದ್ದಕ್ಕೂ, ನಿಧಾನವಾಗಿ, ಗೋಡೆಯ ತನಕ ಹೋಗಿ ನಿಂತಿತು. ಅದರ ಹಿಂದೆ ಬರಿಗಾಲಿನ ಹೆಜ್ಜೆ. ಹೆಜ್ಜೆ ನಿಂತಿತು. ಮಂಡಿಯೂರಿದ ಸದ್ದು, ನೆಲ ಸವರಿದಂಥ ಸದ್ದು, ಈ ಕಡೆ, ಆ ಕಡೆ. ಅನುಸೂಯಮ್ಮ ಕಾದರು. ಕಾಯುವುದು ಬಹಳ ಹೊತ್ತಾಯಿತು. ಆಮೇಲೆ ಹೆಜ್ಜೆ ಎದ್ದು, ಹಗುರವಾಗಿ, ಬಂದ ದಾರಿಯಲ್ಲೇ ಹಿಂತಿರುಗಿತು.

"ಸಿಕ್ಕಿತು," ಎಂದರು ಅನುಸೂಯಮ್ಮ.

ಏನು ಮೇಡಂ, ಎಂದು ಕೇಳಿದ ನರೇಶ್. ಶಶಿಕಲಾ ಮಾತ್ರ ಕೇಳಲಿಲ್ಲ. ತಲೆ ಬಗ್ಗಿಸಿ, ಇನ್ನೊಂದು ಮಣಿ ಸಿಗಬೇಕಿದೆ ಎಂಬಂತೆ ತನ್ನ ಕಾಲ ಬಳಿಯ ನೆಲ ನೋಡುತ್ತಿದ್ದಳು.